ಹಳೇ ಕಂಪ್ಯೂಟರಿನಲ್ಲಿ ಕ್ಯಾಪ್ಚರ್ ಕಾರ್ಡ್ ಏಳದಿದ್ದಾಗ

ತೊಂಬತ್ತರ ದಶಕದಲ್ಲಿ ಮದುವೆಯೋ ಉಪನಯನವೋ ನಡೆದ ಮನೆಗಳಲ್ಲಿ ಒಂದಾದರೂ ವಿಎಚ್‌ಎಸ್ ಕ್ಯಾಸೆಟ್ ಇರುತ್ತದೆ. ಬೀರುವಿನ ಮೇಲೆ, ಹಳೇ ಆಲ್ಬಮ್ಮಿನ ಪಕ್ಕ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟದ್ದು. 'ಯಾವಾಗಲಾದರೂ ಸಿಡಿ ಮಾಡಿಸಬೇಕು' ಅಂದುಕೊಳ್ಳುತ್ತಲೇ ಇಪ್ಪತ್ತು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಸಿಡಿಯೇ ಹಳತಾಯಿತು. ಕ್ಯಾಸೆಟ್ಟಿನ ಒಳಗಿರುವುದು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಅಂಟಿನ ಜೊತೆ ಬಳಿದ ಕಾಂತೀಯ ಪುಡಿ. ಆ ಅಂಟು ಗಾಳಿಯ ತೇವ ಹೀರಿಕೊಂಡು ವರ್ಷವರ್ಷಕ್ಕೂ ಸಡಿಲವಾಗುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೂಷ್ಟು ಬೇರೆ. ಓದುವ ಯಂತ್ರದ ಕಥೆಯೂ ಅಷ್ಟೇ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು; ಜಗತ್ತಿನಲ್ಲಿ ಅದನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ ಅದು. ಈಗ ಇರುವುದೆಲ್ಲ ಯಾರದೋ ಮನೆಯ ಹಳೇ ಸೆಟ್ಟುಗಳು.

ಹಾಗಾಗಿ ಈ ಕೆಲಸವನ್ನು ಮುಂದಿನ ವರ್ಷಕ್ಕೆ ಅಂತ ಇಡುವ ಹಾಗಿಲ್ಲ. ಅಂಗಡಿಗೆ ಕೊಟ್ಟರೆ ಮಾಡಿಕೊಡುತ್ತಾರೆ, ನಿಜ. ಆದರೆ ಇರುವ ಒಂದೇ ಒಂದು ಕ್ಯಾಸೆಟ್ಟನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದವರು ಬಹಳ ಜನ. ಅಂಥವರಿಗೆ ಮನೆಯಲ್ಲೇ ಒಂದು ದಾರಿ ಇರಬಹುದು. ಅದೇ ಹಳೇ ಡೆಸ್ಕ್‌ಟಾಪು, ಅದರೊಳಗಿನ ಟಿವಿ ಟ್ಯೂನರ್ ಕಾರ್ಡು. 2000ದ ದಶಕದಲ್ಲಿ ಕೇಬಲ್ ವೈರನ್ನು ಸಿಪಿಯು ಹಿಂದೆ ಸಿಕ್ಕಿಸಿ ಮಾನಿಟರಿನಲ್ಲೇ ಕ್ರಿಕೆಟ್ ನೋಡುತ್ತಿದ್ದದ್ದು ನೆನಪಿದೆಯಲ್ಲ? ಆ ಕಾರ್ಡಿಗೆ ಕೇಬಲ್ ವೈರಿನ ತೂತಿನ ಜೊತೆ ಸಾಮಾನ್ಯವಾಗಿ ಹಳದಿ ಪಿನ್ ಹಾಕುವ ಜಾಗವೂ ಇರುತ್ತದೆ. ಅಂದ್ರೆ ಅದು ವಿಡಿಯೊ ಕ್ಯಾಪ್ಚರ್ ಕಾರ್ಡೂ ಹೌದು. ವಿಸಿಆರ್ ಕೊಡುವ ಅನಲಾಗ್ ಸಿಗ್ನಲ್ಲನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ದಾಟಿಸುತ್ತದೆ. ಅದು ಕೂರುವ ಪಿಸಿಐ ಸ್ಲಾಟು ಇವತ್ತಿನ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲ. ಹಳೇ ಕಾರ್ಡಿಗೆ ಹಳೇ ಕಂಪ್ಯೂಟರೇ ಬೇಕು.

ಆದರೆ ಹತ್ತು ಹನ್ನೆರಡು ವರ್ಷ ಮುಚ್ಚಿಟ್ಟ ಕಂಪ್ಯೂಟರು ಆನ್ ಆದರೂ ಕಾರ್ಡು ಏಳುವುದಿಲ್ಲ. ಪ್ರೋಗ್ರಾಮ್ ತೆರೆದರೆ 'ಕ್ಯಾಪ್ಚರ್ ಡಿವೈಸ್ ಇನಿಶಿಯಲೈಸ್ ಮಾಡಲಾಗಲಿಲ್ಲ' ಅನ್ನುವ ಅರ್ಥದ ಒಂದು ಸಾಲು ಬಂದು ನಿಲ್ಲುತ್ತದೆ. ಅಲ್ಲಿಗೆ ಎಲ್ಲರೂ 'ಕಾರ್ಡ್ ಹೋಯ್ತು' ಅಂತ ತೀರ್ಮಾನಿಸಿಬಿಡುತ್ತಾರೆ. ನನ್ನ ಅನುಭವದಲ್ಲಿ ಕಾರ್ಡೇ ಹೋಗಿರುವುದು ಕಡಿಮೆ.

ಸಾಗರದ ನಮ್ಮ ದೊಡ್ಡಮ್ಮನ ಮನೆಯದ್ದೇ ಉದಾಹರಣೆ ಹೇಳುತ್ತೇನೆ. 1996ರ ಗೃಹಪ್ರವೇಶದ ಕ್ಯಾಸೆಟ್ಟು. ದೊಡ್ಡಪ್ಪ ಹವ್ಯಾಸಕ್ಕೆ ಭಾಗವತಿಕೆ ಮಾಡುತ್ತಿದ್ದವರು; ಅವತ್ತು ಊಟ ಆದ ಮೇಲೆ ಯಾರೋ ಒತ್ತಾಯ ಮಾಡಿದ್ದಕ್ಕೆ ಒಂದು ಪದ ಹಾಡಿದ್ದಾರೆ ಅಂತ ದೊಡ್ಡಮ್ಮ ಹೇಳುತ್ತಿದ್ದರು. ಅವರು ತೀರಿಕೊಂಡದ್ದು 2001ರಲ್ಲಿ. ಆಗ ಮೊಬೈಲಿಲ್ಲ, ಯಾರೂ ಟೇಪ್ ರೆಕಾರ್ಡರಿನಲ್ಲೂ ಹಿಡಿದಿಟ್ಟಿಲ್ಲ. ಅವರ ದನಿ ಇರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಮನೆಯಲ್ಲಿ ಅಣ್ಣ 2004ರಲ್ಲಿ ಕೊಂಡ ಪೆಂಟಿಯಮ್ 4 ಕಂಪ್ಯೂಟರಿತ್ತು, ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಒಂದು ಟ್ಯೂನರ್ ಕಾರ್ಡು. ನೆಂಟರೊಬ್ಬರ ಹತ್ತಿರ ಓಡುವ ವಿಸಿಆರ್ ಸಿಕ್ಕಿತು. ಎಲ್ಲ ಜೋಡಿಸಿದರೆ ಮೇಲೆ ಹೇಳಿದ ಅದೇ ಸಾಲು.

ಇಂಥ ಹೊತ್ತಿನಲ್ಲಿ ಮಾಡಬಾರದ ಕೆಲಸ ಒಂದಿದೆ: ಆ ಅಮೂಲ್ಯ ಕ್ಯಾಸೆಟ್ಟನ್ನೇ ಹಾಕಿ ಹಾಕಿ ಪರೀಕ್ಷೆ ಮಾಡುವುದು. ಪ್ರತಿ ಸಲ ಓಡಿದಾಗಲೂ ಟೇಪು ಸವೆಯುತ್ತದೆ, ಹಳೇ ವಿಸಿಆರ್ ಯಾವಾಗ ಸಿಕ್ಕಿಸಿಕೊಂಡು ಜಗಿಯುತ್ತದೋ ಹೇಳಲಾಗದು. ಪರೀಕ್ಷೆಗೆ ಬೇಡವಾದ ಕ್ಯಾಸೆಟ್ ಇರಲಿ. ನಾವು ಯಾವುದೋ ಹಳೇ ಧಾರಾವಾಹಿ ರೆಕಾರ್ಡ್ ಮಾಡಿಟ್ಟಿದ್ದ ಒಂದನ್ನು ಕೊನೆಯವರೆಗೂ ಬಳಸಿದೆವು. ಅಸಲಿ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿದಿದೆಯಾ ನೋಡಿಕೊಳ್ಳಿ. ಮುರಿದಿದ್ದರೆ ಅದರ ಮೇಲೆ ಅಪ್ಪಿತಪ್ಪಿಯೂ ರೆಕಾರ್ಡ್ ಆಗುವುದಿಲ್ಲ. ಇಲ್ಲಾಂದ್ರೆ ಈಗಲೇ ಮುರಿದುಬಿಡಿ.

ಇನ್ನು 'ಇನಿಶಿಯಲೈಸ್' ಅನ್ನುವ ಪದಕ್ಕೆ ಬರೋಣ. ಕಾರ್ಡು ಏಳುವುದು ಅಂದರೆ ಒಂದೇ ಕೆಲಸ ಅಲ್ಲ, ನಾಲ್ಕು ಜನರ ಕೈ ದಾಟಬೇಕು. ಕಂಪ್ಯೂಟರ್ ಆನ್ ಆದ ಕೂಡಲೇ ಬಯೋಸ್ ಪ್ರತಿ ಸ್ಲಾಟಿಗೂ ಹೋಗಿ 'ಯಾರಿದ್ದೀರಿ' ಅಂತ ಕೇಳುತ್ತದೆ. ಕಾರ್ಡು ತನ್ನ ಗುರುತಿನ ಸಂಖ್ಯೆ ಹೇಳಬೇಕು. ಆಮೇಲೆ ಅದಕ್ಕೆ ಮೆಮೊರಿಯಲ್ಲಿ ಒಂದು ಜಾಗ, ಪ್ರೊಸೆಸರನ್ನು ಕರೆಯಲು ಒಂದು ಗಂಟೆ ಸಿಗಬೇಕು. ಮೂರನೆಯದಾಗಿ ಡ್ರೈವರ್ ಬಂದು ಕಾರ್ಡಿನ ಚಿಪ್ಪನ್ನು ಎಬ್ಬಿಸಬೇಕು. ಕೊನೆಗೆ ನಾವು ತೆರೆಯುವ ಪ್ರೋಗ್ರಾಮು ಆ ಡ್ರೈವರನ್ನು ಹಿಡಿದು ಚಿತ್ರ ತೋರಿಸಬೇಕು. ನಾಲ್ಕರಲ್ಲಿ ಎಲ್ಲಿ ಕೈತಪ್ಪಿದರೂ ಪರದೆಯ ಮೇಲೆ ಬರುವುದು ಅದೇ ಒಂದು ಸಾಲು! ದೂರು ಹೇಳುವವನು ನಾಲ್ಕನೆಯವನು, ಅವನಿಗೆ ಹಿಂದಿನ ಮೂವರ ವಿಷಯ ಗೊತ್ತಿರುವುದಿಲ್ಲ. ನಮ್ಮ ಕೆಲಸದಲ್ಲೂ ದಿನಾ ನೋಡುವುದು ಇದನ್ನೇ, ತಪ್ಪು ಒಂದು ಕಡೆ, ಎರರ್ ಮೆಸೇಜ್ ಇನ್ನೊಂದು ಕಡೆ. ಆದ್ದರಿಂದ ಡ್ರೈವರ್ ಮತ್ತೆ ಮತ್ತೆ ಹಾಕುವ ಮೊದಲು ಎಲ್ಲಿ ನಿಂತಿದೆ ಅಂತ ಪತ್ತೆ ಮಾಡಬೇಕು.

ಮೊದಲ ಹಂತ ನೋಡುವುದು ಸುಲಭ. ಮೈ ಕಂಪ್ಯೂಟರ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್. ಅಲ್ಲಿ ಕಾರ್ಡಿನ ಹೆಸರಾಗಲಿ, 'ಮಲ್ಟಿಮೀಡಿಯಾ ವಿಡಿಯೊ ಕಂಟ್ರೋಲರ್' ಅಂತಾಗಲಿ ಏನೂ ಇಲ್ಲದಿದ್ದರೆ ವಿಷಯ ಡ್ರೈವರಿನದಲ್ಲ, ಲೋಹದ್ದು. ಕಾರ್ಡು ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲ, ಅಥವಾ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಪೊರೆ ಕಟ್ಟಿದೆ. ಕಂಪ್ಯೂಟರನ್ನು ಶಟ್‌ಡೌನ್ ಮಾಡಿದರೆ ಸಾಲದು, ಹಿಂದಿನ ಪವರ್ ವೈರನ್ನೇ ಕಿತ್ತುಬಿಡಿ. ಯಾಕಂದ್ರೆ ಎಟಿಎಕ್ಸ್ ಮಾದರಿಯ ಪವರ್ ಸಪ್ಲೈ ಆಫ್ ಆಗಿದ್ದಾಗಲೂ ಮದರ್‌ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಕಾರ್ಡ್ ತೆಗೆದು, ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಸ್ಲಾಟಿನ ಧೂಳು ಬ್ರಷ್ಷಿನಲ್ಲಿ ತೆಗೆದು ಮತ್ತೆ ಕೂರಿಸಿ. ಹಾಗೇ ಮದರ್‌ಬೋರ್ಡಿನ ಮೇಲಿರುವ ಚಿಕ್ಕ ಚಿಕ್ಕ ಡಬ್ಬಿಗಳಂಥ ಕೆಪ್ಯಾಸಿಟರುಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಆ ಬೋರ್ಡಿನ ಜೊತೆ ಹೆಚ್ಚು ಹೊತ್ತು ಗುದ್ದಾಡಬೇಡಿ. 2000ದ ದಶಕದ ಆರಂಭದ ಬಹಳಷ್ಟು ಬೋರ್ಡುಗಳು ಸತ್ತದ್ದೇ ಈ ಕಾಯಿಲೆಯಿಂದ.

ಇನ್ನೂ ಹಳೆಯ, ಅಂದರೆ ತೊಂಬತ್ತರ ದಶಕದ ಮಧ್ಯದ ಕಂಪ್ಯೂಟರಾದರೆ ಒಂದು ಬೇರೆ ತೊಡಕಿದೆ. ಪಿಸಿಐ ಸ್ಲಾಟಿನಲ್ಲಿ 5 ವೋಲ್ಟಿನ ಜೊತೆ 3.3 ವೋಲ್ಟಿನ ತಂತಿಗೂ ಜಾಗ ಉಂಟು. ಆದರೆ ಅಂದಿನ ಎಟಿ ಪವರ್ ಸಪ್ಲೈಗಳಲ್ಲಿ 3.3 ಅನ್ನುವ ಲೈನೇ ಇರಲಿಲ್ಲ, ಎಷ್ಟೋ ಬೋರ್ಡುಗಳು ಅದನ್ನು ಸ್ಲಾಟಿಗೆ ಕೊಡುತ್ತಲೂ ಇರಲಿಲ್ಲ. ಆಮೇಲೆ ಬಂದ ಕೆಲವು ಕಾರ್ಡುಗಳು ಅದನ್ನೇ ನಂಬಿಕೊಂಡಿದ್ದವು. ಕಾರ್ಡು ಸರಿಯಾಗಿ ಕೂರುತ್ತದೆ, ಆದರೆ ಉಸಿರಾಡುವುದಿಲ್ಲ. ಇದಕ್ಕೆ ಡ್ರೈವರಿನಲ್ಲಿ ಪರಿಹಾರ ಇಲ್ಲ, ಬೇರೆ ಕಂಪ್ಯೂಟರೇ ಬೇಕು.

ಸಾಗರದ ಕಂಪ್ಯೂಟರಿನಲ್ಲಿ ಕಾರ್ಡು ಡಿವೈಸ್ ಮ್ಯಾನೇಜರಿನಲ್ಲಿ ಕಾಣುತ್ತಿತ್ತು, ಪಕ್ಕದಲ್ಲಿ ಹಳದಿ ಆಶ್ಚರ್ಯಸೂಚಕ. ಈ ಚಿಹ್ನೆ ಕಂಡರೆ ಸುಮ್ನೆ ಗಾಬರಿ ಬೇಡ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಸಂಖ್ಯೆ ಓದಿ. ಅದು ನಿಜವಾಗಿ ಉಪಯೋಗಕ್ಕೆ ಬರುವ ಮಾಹಿತಿ. 28 ಅಂದರೆ ಡ್ರೈವರೇ ಹಾಕಿಲ್ಲ. 12 ಅಂದರೆ ಕೊಡಲು ಸಂಪನ್ಮೂಲ ಉಳಿದಿಲ್ಲ. 10 ಅಂದರೆ ಡ್ರೈವರ್ ಬಂತು, ಎಬ್ಬಿಸಲು ನೋಡಿತು, ಆಗಲಿಲ್ಲ. ನಮ್ಮದು 10.

10ನೇ ಕೋಡಿಗೆ ಎರಡು ಮುಖ್ಯ ಕಾರಣ. ಒಂದು, ಡ್ರೈವರ್ ಬೇರೆ ಕಾರ್ಡಿನದ್ದು. ಆ ಕಾಲದ ಟ್ಯೂನರ್ ಕಾರ್ಡುಗಳ ಡಬ್ಬಿಯ ಮೇಲೆ ಹೆಸರು ನೂರಾರು, ಒಳಗಿನ ಚಿಪ್ಪು ಮಾತ್ರ ಹೆಚ್ಚಾಗಿ ಎರಡು ಮೂರು ಕುಟುಂಬದ್ದೇ: ಬ್ರೂಕ್‌ಟ್ರೀಯ ಬಿಟಿ 878, ಫಿಲಿಪ್ಸ್‌ನ ಎಸ್‌ಎಎ 7130 ಸಾಲಿನವು, ಆಮೇಲೆ ಕೊನೆಕ್ಸಂಟ್‌ನ ಸಿಎಕ್ಸ್ 2388 ಸಾಲಿನವು. ಬ್ರೂಕ್‌ಟ್ರೀ ಕಂಪನಿಯನ್ನು 1996ರಲ್ಲಿ ರಾಕ್‌ವೆಲ್ ಕೊಂಡಿತು, 1999ರಲ್ಲಿ ಅದರ ಚಿಪ್ ವಿಭಾಗ ಕೊನೆಕ್ಸಂಟ್ ಆಗಿ ಬೇರೆಯಾಯಿತು. ಅದಕ್ಕೇ ಒಂದೇ ಚಿಪ್ಪನ್ನು ಒಂದು ಕಡೆ ಬ್ರೂಕ್‌ಟ್ರೀ ಅಂತಲೂ ಇನ್ನೊಂದು ಕಡೆ ಕೊನೆಕ್ಸಂಟ್ ಅಂತಲೂ ಕರೆಯುತ್ತಾರೆ. ಹೆಸರಿನ ಗೊಂದಲಕ್ಕೆ ಸಿಕ್ಕಿಬೀಳದೆ ಗುರುತಿನ ಸಂಖ್ಯೆ ನೋಡಿ. ಡಿವೈಸ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ತಯಾರಕರ ಸಂಖ್ಯೆ ಇರುತ್ತದೆ. 109 ಆದ ಮೇಲೆ ಇಂಗ್ಲಿಷಿನ ಇ ಅಕ್ಷರ ಇದ್ದರೆ ಬ್ರೂಕ್‌ಟ್ರೀ, 1131 ಇದ್ದರೆ ಫಿಲಿಪ್ಸ್. ಡ್ರೈವರ್ ಹುಡುಕಬೇಕಾದದ್ದು ಈ ಸಂಖ್ಯೆಗೆ. ಒಂದು ಎಚ್ಚರಿಕೆ: ಚಿಪ್ಪು ಒಂದೇ ಆದರೂ ಟ್ಯೂನರು, ಆಡಿಯೊ ತಂತಿ ಜೋಡಿಸಿದ ರೀತಿ ಕಾರ್ಡಿನಿಂದ ಕಾರ್ಡಿಗೆ ಬೇರೆ. ಒಬ್ಬರ ಡ್ರೈವರ್ ಇನ್ನೊಬ್ಬರ ಕಾರ್ಡಿಗೆ ಅರ್ಧಂಬರ್ಧ ಕೆಲಸ ಮಾಡುವುದುಂಟು. ಚಿತ್ರ ಬರುತ್ತದೆ, ಚಾನೆಲ್ ಬದಲಾಗುವುದಿಲ್ಲ. ನಮಗೆ ಬೇಕಾದ್ದು ಹಳದಿ ಪಿನ್ನು ಮಾತ್ರ, ಚಾನೆಲ್ ಬದಲಾಗದಿದ್ದರೆ ನಷ್ಟವೇನಿಲ್ಲ.

ನಮ್ಮದಕ್ಕೆ ಅಸಲಿ ಸಿಡಿಯೇ ಇತ್ತು, ಡ್ರೈವರ್ ಸರಿಯಿತ್ತು. ಹಾಗಾಗಿ ಎರಡನೇ ಕಾರಣ, ಐಆರ್‌ಕ್ಯು. ಆಗಲೇ ಗಂಟೆ ಅಂದೆನಲ್ಲ, ಅದರ ಹೆಸರಿದು. ಹಳೇ ಕಂಪ್ಯೂಟರುಗಳಲ್ಲಿ ಇಂಥ ಗಂಟೆಗಳು ಒಟ್ಟು ಹದಿನೈದು, ಅದರಲ್ಲಿ ಕೀಬೋರ್ಡು, ಗಡಿಯಾರ, ಹಾರ್ಡ್ ಡಿಸ್ಕು ಮೊದಲೇ ತಮ್ಮ ಪಾಲು ಹಿಡಿದುಕೊಂಡಿರುತ್ತವೆ. ಉಳಿದ ನಾಲ್ಕೈದರಲ್ಲಿ ಎಲ್ಲ ಪಿಸಿಐ ಕಾರ್ಡುಗಳೂ ಹಂಚಿಕೊಂಡು ಬಾಳಬೇಕು. ನಿಯಮದ ಪ್ರಕಾರ ಹಂಚಿಕೊಳ್ಳಬಹುದು. ಒಂದೇ ಕಾಲಿಂಗ್ ಬೆಲ್ ಇರುವ ವಠಾರದ ಹಾಗೆ, ಬೆಲ್ ಹೊಡೆದರೆ ಪ್ರತಿಯೊಬ್ಬರೂ 'ನನಗಾ?' ಅಂತ ಇಣುಕಿ ನೋಡಿ, ಅಲ್ಲದಿದ್ದರೆ ಪಕ್ಕದವರಿಗೆ ಬಿಡಬೇಕು. ಕೆಲವು ಡ್ರೈವರ್‌ಗಳಿಗೆ ಈ ಸೌಜನ್ಯ ಇಲ್ಲ. ಅದರಲ್ಲೂ ಎಜಿಪಿ ಗ್ರಾಫಿಕ್ಸ್ ಕಾರ್ಡಿನ ಪಕ್ಕದ ಮೊದಲ ಪಿಸಿಐ ಸ್ಲಾಟು ಎಷ್ಟೋ ಬೋರ್ಡುಗಳಲ್ಲಿ ಗ್ರಾಫಿಕ್ಸ್ ಜೊತೆಗೇ ಗಂಟೆ ಹಂಚಿಕೊಳ್ಳುತ್ತದೆ. ಕ್ಯಾಪ್ಚರ್ ಕಾರ್ಡಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ಇದನ್ನು ನೋಡಲು ಯಾವ ಸಾಫ್ಟ್‌ವೇರೂ ಬೇಡ. ಆನ್ ಮಾಡಿದಾಗ ವಿಂಡೋಸ್ ಚಿತ್ರ ಬರುವ ಮೊದಲು ಕಪ್ಪು ಪರದೆಯಲ್ಲಿ ಒಂದು ಪಟ್ಟಿ ಮಿಂಚಿ ಹೋಗುತ್ತದೆ. ಆ ಕ್ಷಣ ಪಾಸ್ ಕೀಲಿ ಒತ್ತಿದರೆ ನಿಲ್ಲುತ್ತದೆ. ಪ್ರತಿ ಪಿಸಿಐ ಸಾಧನದ ಮುಂದೆ ಅದರ ಐಆರ್‌ಕ್ಯು ಬರೆದಿರುತ್ತದೆ. ನಮ್ಮದರಲ್ಲಿ ಡಿಸ್‌ಪ್ಲೇಗೂ 11, ಮಲ್ಟಿಮೀಡಿಯಾ ಸಾಧನಕ್ಕೂ 11. ಮಲ್ಟಿಮೀಡಿಯಾ ಎರಡು ಸಲ ಬಂದಿತ್ತು, ಅದು ಸರಿಯೇ. ಬಿಟಿ 878 ತನ್ನನ್ನು ವಿಡಿಯೊ ಒಂದು, ಆಡಿಯೊ ಒಂದು ಅಂತ ಎರಡಾಗಿ ಪರಿಚಯಿಸಿಕೊಳ್ಳುತ್ತದೆ. ಕಾರ್ಡು ಮೊದಲ ಸ್ಲಾಟಿನಲ್ಲೇ ಇತ್ತು. ಮೂರನೆಯದಕ್ಕೆ ಬದಲಾಯಿಸಿದೆ. ಸ್ಲಾಟು ಬದಲಾದರೆ ವಿಂಡೋಸ್ ಅದನ್ನು ಹೊಸ ಕಾರ್ಡು ಅಂತಲೇ ತಿಳಿದು ಮತ್ತೆ ಡ್ರೈವರ್ ಕೇಳುತ್ತದೆ, ಸಿಡಿ ಕೈಯಲ್ಲಿರಲಿ. ಈಗ ಗ್ರಾಫಿಕ್ಸಿನ ಸಹವಾಸ ತಪ್ಪಿತು, ಆದರೆ ಸೌಂಡಿನ ಜೊತೆ ಬಿತ್ತು. ಬಯೋಸ್ ಒಳಗೆ ಹೋಗಿ ಯಾರೂ ಬಳಸದ ಸೀರಿಯಲ್ ಪೋರ್ಟು ಎರಡನ್ನೂ, ಪ್ರಿಂಟರಿನ ಹಳೇ ಪೋರ್ಟನ್ನೂ ಆಫ್ ಮಾಡಿದೆ. ಅಲ್ಲಿ ಮೂರು ಗಂಟೆ ಬಿಡುಗಡೆಯಾಗುತ್ತವೆ. ಹೊಸದಾಗಿ ಹಂಚಲಿ ಅಂತ 'ರೀಸೆಟ್ ಕಾನ್ಫಿಗರೇಶನ್ ಡೇಟಾ' ಅನ್ನುವುದನ್ನು ಎನೇಬಲ್ ಮಾಡಿ ಸೇವ್ ಕೊಟ್ಟೆ. ಹಳದಿ ಚಿಹ್ನೆ ಹೋಯಿತು.

ಬೆಳಿಗ್ಗೆ ಎದ್ದು ಆನ್ ಮಾಡಿದರೆ ಚಿಹ್ನೆ ಅಲ್ಲೇ ಇದೆ!

ಗಡಿಯಾರ 2003ರ ಜನವರಿ 1 ತೋರಿಸುತ್ತಿತ್ತು. ಅದೇ ಸುಳಿವು. ಬಯೋಸಿನ ಸೆಟ್ಟಿಂಗುಗಳನ್ನು ನೆನಪಿಟ್ಟುಕೊಳ್ಳುವುದು ಮದರ್‌ಬೋರ್ಡಿನ ಮೇಲಿರುವ ಒಂದು ರೂಪಾಯಿ ನಾಣ್ಯದಂಥ ಸೆಲ್ಲು, ಸಿಆರ್ 2032 ಅಂತ. ಅದು ಸತ್ತಿದ್ದರೆ ರಾತ್ರಿ ಪ್ಲಗ್ ತೆಗೆದ ಕೂಡಲೇ ಮಾಡಿದ್ದೆಲ್ಲ ಮರೆತುಹೋಗಿ ಸೀರಿಯಲ್ ಪೋರ್ಟುಗಳು ಮತ್ತೆ ತಮ್ಮ ಗಂಟೆ ಹಿಡಿದುಕೊಂಡು ಕೂರುತ್ತವೆ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಹಳೇ ಕಂಪ್ಯೂಟರ್ ತೆಗೆದವರು ಮೊದಲು ಬದಲಾಯಿಸಬೇಕಾದದ್ದು ಇದನ್ನೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾಲ್ಗುಣವಿಲ್ಲದ ಕಂಪ್ಯೂಟರು ಅಂತ ಹೆಸರು ಪಡೆದ ಎಷ್ಟೋ ಯಂತ್ರಗಳಿಗೆ ಬೇಕಾಗಿದ್ದದ್ದು ಈ ಸೆಲ್ಲು ಮಾತ್ರ ಇರಬಹುದು.

ಈಗ ಡಿವೈಸ್ ಮ್ಯಾನೇಜರ್ ಸ್ವಚ್ಛ. ಪ್ರೋಗ್ರಾಮ್ ತೆರೆದರೆ ಮತ್ತೆ ಅದೇ ಸಾಲು. ದೊಡ್ಡಮ್ಮ ಒಳಗಿನಿಂದ 'ಆಗ್ಲಿಲ್ಲಾಂದ್ರೆ ಬಿಡೋ, ಊಟ ಮಾಡು' ಅಂದರು. ಆದರೆ ಮೊದಲಿನ ಸಾಲಿಗೂ ಈಗಿನ ಸಾಲಿಗೂ ವ್ಯತ್ಯಾಸ ಇದೆ. ಮೂರು ಹಂತ ದಾಟಿಯಾಗಿದೆ, ಉಳಿದದ್ದು ನಾಲ್ಕನೆಯದೊಂದೇ.

ಇಲ್ಲಿ ಹೆಚ್ಚಾಗಿ ಕಾಣುವ ಕಳ್ಳ ಗಡಿಯಾರದ ಪಕ್ಕದ ಮೂಲೆಯಲ್ಲಿ ಅಡಗಿರುತ್ತಾನೆ. ಟ್ಯೂನರಿನ ಜೊತೆ ಬರುವ ರಿಮೋಟ್ ಪ್ರೋಗ್ರಾಮು, ಇಷ್ಟು ಹೊತ್ತಿಗೆ ರೆಕಾರ್ಡ್ ಮಾಡು ಅನ್ನುವ ಶೆಡ್ಯೂಲರು ಕಂಪ್ಯೂಟರ್ ಶುರುವಾದಾಗಲೇ ಎದ್ದು ಕಾರ್ಡನ್ನು ಹಿಡಿದುಕೊಂಡಿರುತ್ತವೆ. ಒಂದು ಸಲಕ್ಕೆ ಒಬ್ಬರಿಗೇ ಕಾರ್ಡು. ಎರಡನೆಯವನು ಕೇಳಿದರೆ 'ಇಲ್ಲ'. ಅವನ್ನೆಲ್ಲ ಮುಚ್ಚಿ ನೋಡಬೇಕು. ನಾನೂ ಮುಚ್ಚಿದೆ, ಪ್ರಯೋಜನವಾಗಲಿಲ್ಲ.

ಇನ್ನೊಬ್ಬ ಕಳ್ಳ ಯಾರೂ ಅನುಮಾನಿಸದ ಪಕ್ಕದ ಮನೆಯವನು, ಗ್ರಾಫಿಕ್ಸ್ ಕಾರ್ಡು. ಎಕ್ಸ್‌ಪಿ ಕಾಲದ ಟ್ಯೂನರ್ ಪ್ರೋಗ್ರಾಮುಗಳು ಚಿತ್ರವನ್ನು 'ಓವರ್‌ಲೇ' ಅನ್ನುವ ದಾರಿಯಲ್ಲಿ ನೇರ ಗ್ರಾಫಿಕ್ಸ್ ಕಾರ್ಡಿಗೆ ಕಳಿಸುತ್ತಿದ್ದವು. ಅದಕ್ಕೆ ಗ್ರಾಫಿಕ್ಸ್ ಕಾರ್ಡಿನ ಸರಿಯಾದ ಡ್ರೈವರ್ ಬೇಕು. ಯಾವತ್ತೋ ಎಕ್ಸ್‌ಪಿ ಹೊಸದಾಗಿ ಹಾಕಿದಾಗ ಆ ಡ್ರೈವರ್ ಹಾಕದೆ ಬಿಟ್ಟಿದ್ದರೆ ಪರದೆ ಕಾಣುತ್ತದೆ, ವರ್ಡು ಎಕ್ಸೆಲ್ಲು ಎಲ್ಲ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಸ್ಟಾರ್ಟ್, ರನ್, ಅಲ್ಲಿ ಡಿಎಕ್ಸ್‌ಡಯಾಗ್ ಅಂತ ಕೊಟ್ಟು ಡಿಸ್‌ಪ್ಲೇ ಪುಟ ನೋಡಿ. ಡೈರೆಕ್ಟ್‌ಡ್ರಾ ಎನೇಬಲ್ಡ್ ಅಂತ ಇರಬೇಕು. ನಮ್ಮದರಲ್ಲಿ 'ಲಭ್ಯವಿಲ್ಲ' ಅಂತಿತ್ತು. ಅಣ್ಣ ಒಳ್ಳೆಯವನು, 2004ರ ಎಲ್ಲ ಸಿಡಿಗಳನ್ನೂ ಒಂದು ಜಿಪ್ ಪೌಚಿನಲ್ಲಿ ಇಟ್ಟಿದ್ದ. ಗ್ರಾಫಿಕ್ಸಿನದ್ದು ಹುಡುಕಿ ಹಾಕಿ ರೀಸ್ಟಾರ್ಟ್ ಮಾಡಿದರೆ ಪ್ರೋಗ್ರಾಮು ತೆರೆದುಕೊಂಡಿತು. ಕಾರ್ಡಿಗೆ ಏನೂ ಆಗಿರಲಿಲ್ಲ.

ಹಳೇ ಪ್ರೊಸೆಸರ್ ಇದ್ದವರಿಗೆ ಇಲ್ಲಿ ಇನ್ನೂ ಒಂದು ಮಾತು. ಹೊಸ ಕಾಲದ ಕ್ಯಾಪ್ಚರ್ ಪ್ರೋಗ್ರಾಮುಗಳನ್ನು ಹಳೇ ಯಂತ್ರದಲ್ಲಿ ಹಾಕಿ 'ಇದು ಬರೋದೇ ಇಲ್ಲ' ಅನ್ನಬೇಡಿ. ಪೆಂಟಿಯಮ್ 4ರ ಜೊತೆ ಬಂದ ಎಸ್‌ಎಸ್‌ಇ 2 ಅನ್ನುವ ಆದೇಶಗಳನ್ನು ಕೇಳುವ ಪ್ರೋಗ್ರಾಮು ಪೆಂಟಿಯಮ್ 3ರಲ್ಲಿ, ಅಥ್ಲಾನ್ ಎಕ್ಸ್‌ಪಿಯಲ್ಲಿ ಓಡುವುದಿಲ್ಲ. ವರ್ಚುವಲ್‌ಡಬ್‌ನಂಥ ಅದೇ ಕಾಲದ ಪ್ರೋಗ್ರಾಮು ಹಾಕಿದರೆ ಕೆಲಸ ಹಗುರ. ಕಾರ್ಡು ಬದುಕಿದೆಯೋ ಇಲ್ಲವೋ ಅನ್ನುವ ಅನುಮಾನ ತೀರದಿದ್ದರೆ ಲಿನಕ್ಸಿನ ಹಳೇ ಲೈವ್ ಸಿಡಿ ಹಾಕಿ ಬೂಟ್ ಮಾಡಿ, ಎಲ್‌ಎಸ್‌ಪಿಸಿಐ ಅನ್ನುವ ಆದೇಶ ಕೊಡಿ. ಪಟ್ಟಿಯಲ್ಲಿ ಕಾರ್ಡಿನ ಹೆಸರು ಬಂದರೆ ಅದು ಮಾತಾಡುತ್ತಿದೆ, ತಂಟೆ ವಿಂಡೋಸಿನದು.

ನಮ್ಮ ಧಾರಾವಾಹಿ ಕ್ಯಾಸೆಟ್ಟಿನ ಚಿತ್ರ ಬಂತು, ಆದರೆ ಮೂಕಿ. ಇದು ಬಹಳ ಜನರನ್ನು ಕಾಡುವ ವಿಷಯ. ದೊಡ್ಡಪ್ಪನ ದನಿಗಾಗಿಯೇ ಇಷ್ಟೆಲ್ಲ ಮಾಡುತ್ತಿರುವಾಗ ಚಿತ್ರ ಮಾತ್ರ ಬಂದು ಏನು ಉಪಯೋಗ? ಹಳೇ ಟ್ಯೂನರ್ ಕಾರ್ಡುಗಳಲ್ಲಿ ಹೆಚ್ಚಿನವು ಶಬ್ದವನ್ನು ಕಂಪ್ಯೂಟರಿಗೆ ತಾವಾಗಿ ದಾಟಿಸುವುದಿಲ್ಲ. ಕಾರ್ಡಿನಿಂದ ಹೊರಗೆ ಬಂದು ಸೌಂಡ್ ಕಾರ್ಡಿಗೆ ಹೋಗುವ ಒಂದು ಗಿಡ್ಡ ತಂತಿ ಇರುತ್ತದೆ, ಹತ್ತು ವರ್ಷದಲ್ಲಿ ಮೊದಲು ಕಳೆದುಹೋಗುವುದು ಅದೇ. ಅದನ್ನು ಹುಡುಕುವ ಬದಲು ವಿಸಿಆರ್‌ನ ಕೆಂಪು ಬಿಳಿ ಪಿನ್ನುಗಳನ್ನು ನೇರ ಕಂಪ್ಯೂಟರಿನ ಹಿಂದಿನ ನೀಲಿ ತೂತಿಗೆ ಕೊಡಿ. ನೀಲಿ, ಗುಲಾಬಿ ಅಲ್ಲ. ಗುಲಾಬಿ ಮೈಕಿನದ್ದು, ಅಲ್ಲಿ ಕೊಟ್ಟರೆ ದನಿ ಹರಿದು ಕರ್ಕಶವಾಗುತ್ತದೆ. ಆಮೇಲೆ ವಾಲ್ಯೂಮ್ ಕಂಟ್ರೋಲಿನಲ್ಲಿ ರೆಕಾರ್ಡಿಂಗ್ ಅನ್ನುವ ಕಡೆ ಹೋಗಿ ಲೈನ್ ಇನ್‌ಗೆ ಟಿಕ್ ಹಾಕಿ.

ಚಿತ್ರ ಕಪ್ಪುಬಿಳುಪಾಗಿ ಬಂದರೆ, ಉರುಳಿದರೆ, ಪ್ರೋಗ್ರಾಮಿನಲ್ಲಿ ಪಾಲ್ ಬಿ ಇದೆಯಾ ನೋಡಿ. ನಮ್ಮ ದೇಶದ್ದು ಪಾಲ್, ಸೆಕೆಂಡಿಗೆ 25 ಫ್ರೇಮು. ಅಮೆರಿಕದ ನೆಂಟರು ಅಲ್ಲೇ ತೆಗೆದು ಕಳಿಸಿದ ಕ್ಯಾಸೆಟ್ ಆದರೆ ಎನ್‌ಟಿಎಸ್‌ಸಿ ಅಂತ ಬದಲಿಸಬೇಕು, ವಿಸಿಆರ್ ಕೂಡ ಅದನ್ನು ಓದುವಂಥದ್ದಾಗಿರಬೇಕು. ಇನ್ನೊಂದು ವಿಚಿತ್ರ, ಸವೆದ ಟೇಪಿನ ಅದುರುವ ಸಿಗ್ನಲ್ಲನ್ನು ಕೆಲವು ಕಾರ್ಡುಗಳು ಸಿನಿಮಾ ಕ್ಯಾಸೆಟ್ಟಿನ ನಕಲು ತಡೆ ಅಂತ ತಿಳಿದು ರೆಕಾರ್ಡ್ ಮಾಡಲು ಒಪ್ಪುವುದಿಲ್ಲ. ನಮ್ಮದೇ ಮನೆಯ ಗೃಹಪ್ರವೇಶಕ್ಕೆ ಕಾಪಿರೈಟು! ಆಗ ಬೇರೆ ವಿಸಿಆರ್‌ನಲ್ಲಿ ಹಾಕಿ ನೋಡುವುದು ಒಂದು ದಾರಿ.

'ಇಷ್ಟು ಗುದ್ದಾಟ ಯಾಕೆ, ಕೆಲವು ನೂರು ರೂಪಾಯಿಗೆ ಯುಎಸ್‌ಬಿ ಡಾಂಗಲ್ ಬರುತ್ತಲ್ಲ' ಅನ್ನುವವರಿದ್ದಾರೆ. ಬರುತ್ತದೆ. ಹೊಸ ಲ್ಯಾಪ್‌ಟಾಪು ಇದ್ದು, ಟ್ಯೂನರ್ ಕಾರ್ಡು ಇಲ್ಲದವರಿಗೆ ಅದೇ ಸರಿ. ಆದರೆ ಅಗ್ಗದ ಡಾಂಗಲ್‌ಗಳು ನೋಡಲು ಒಂದೇ ಥರ ಇದ್ದರೂ ಒಳಗಿನ ಚಿಪ್ಪು ಮೂರ್ನಾಲ್ಕು ಬಗೆ, ಜೊತೆಗೆ ಬರುವ ಸಿಡಿ ಇನ್ಯಾವುದರದ್ದೋ ಆಗಿರುವುದುಂಟು. ಹಳೇ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದರೆ ಬೇರೆ ಗೋಡೆ ಎದುರಾಗುತ್ತದೆ. ಪಾಲ್ ಚಿತ್ರ 720 ಅಡ್ಡ, 576 ಉದ್ದ, ಪ್ರತಿ ಚುಕ್ಕೆಗೆ 2 ಬೈಟು, ಸೆಕೆಂಡಿಗೆ 25 ಸಲ. ಗುಣಿಸಿ ನೋಡಿ, ಸೆಕೆಂಡಿಗೆ 20 ಎಂಬಿ ದಾಟುತ್ತದೆ. ಯುಎಸ್‌ಬಿ 1.1 ಪೋರ್ಟಿನ ಒಟ್ಟು ತಾಕತ್ತೇ ಸೆಕೆಂಡಿಗೆ ಒಂದೂವರೆ ಎಂಬಿ. ಯುಎಸ್‌ಬಿ 2.0 ಬಂದದ್ದು 2000ದಲ್ಲಿ, ಎಕ್ಸ್‌ಪಿಗೆ ಅದರ ಬೆಂಬಲ ಸಿಕ್ಕಿದ್ದು ಸರ್ವಿಸ್ ಪ್ಯಾಕ್ 1ರಿಂದ. ಪಿಸಿಐ ಹಳೆಯದಾದರೂ 133 ಎಂಬಿ ಸಾಗಿಸುತ್ತದೆ. ಹಾಗೇ ಹಳೇ ಪಿಸಿಐ ಕಾರ್ಡನ್ನು 64 ಬಿಟ್ ವಿಂಡೋಸಿಗೆ ಒಗ್ಗಿಸುವುದೂ ಕಷ್ಟ. ವಿಸ್ಟಾದಿಂದ ಈಚೆಗೆ 64 ಬಿಟ್‌ನಲ್ಲಿ ಸಹಿ ಇಲ್ಲದ ಡ್ರೈವರಿಗೆ ಪ್ರವೇಶವಿಲ್ಲ, 2003ರ ಸಿಡಿಯಲ್ಲಿ ಅಂಥ ಸಹಿ ಎಲ್ಲಿಂದ ಬರಬೇಕು? ಹಳೇ ಎಕ್ಸ್‌ಪಿ ಇದ್ದರೆ ಅದನ್ನು ಹಾಗೇ ಇಟ್ಟುಕೊಳ್ಳಿ. ಇಂಟರ್‌ನೆಟ್ಟಿಗೆ ಮಾತ್ರ ಜೋಡಿಸಬೇಡಿ, 2014ರ ಏಪ್ರಿಲ್‌ನಿಂದ ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ನಿಂತಿದೆ.

ಅಸಲಿ ಕ್ಯಾಸೆಟ್ ಹಾಕಿದ್ದು ಮೂರನೇ ದಿನ. ಅದಕ್ಕೂ ಮುಂಚೆ ಅದನ್ನು ಒಮ್ಮೆ ಕೊನೆಯವರೆಗೆ ಫಾರ್ವರ್ಡ್ ಮಾಡಿ, ರಿವೈಂಡ್ ಮಾಡಿದೆವು. ವರ್ಷಗಟ್ಟಲೆ ಒತ್ತಿಕೊಂಡಿದ್ದ ಸುತ್ತುಗಳು ಸಡಿಲವಾಗಲಿ ಅಂತ. ಸ್ಕ್ರೀನ್ ಸೇವರ್, ಆಂಟಿವೈರಸ್ ಎರಡನ್ನೂ ಆಫ್ ಮಾಡಿದೆ. ಹಾರ್ಡ್ ಡಿಸ್ಕು ಡಿಎಂಎ ಮೋಡಿನಲ್ಲಿದೆಯಾ ಅಂತ ನೋಡಿದೆ. ಎಕ್ಸ್‌ಪಿ ಆರು ಸಲ ಡಿಸ್ಕಿನ ತೊಂದರೆ ಕಂಡರೆ ಹೇಳದೆ ಕೇಳದೆ ನಿಧಾನದ ಪಿಐಒ ಮೋಡಿಗೆ ಇಳಿಸಿಬಿಡುತ್ತದೆ, ಆಗ ಫ್ರೇಮುಗಳು ಉದುರುತ್ತವೆ. ಡಿಸ್ಕಿನ ಫಾರ್ಮ್ಯಾಟು ಎನ್‌ಟಿಎಫ್‌ಎಸ್ ಇರಬೇಕು. ಫ್ಯಾಟ್ 32 ಆದರೆ 4 ಜಿಬಿಗೆ ಫೈಲು ನಿಲ್ಲುತ್ತದೆ. ಇದ್ದದ್ದು 80 ಜಿಬಿ ಡಿಸ್ಕು. ಗುಣಮಟ್ಟ ಕಳೆಯದ ಹಫ್‌ವೈಯುವಿ ಕೋಡೆಕ್ ಹಾಕಿ ಅರ್ಧರ್ಧ ಗಂಟೆಯ ತುಂಡುಗಳಾಗಿ ಹಿಡಿದು, ಒಂದೊಂದನ್ನೂ ಹೊರಗಿನ ಡಿಸ್ಕಿಗೆ ಸಾಗಿಸುತ್ತ ಹೋದೆ.

ಒಟ್ಟು 2 ಗಂಟೆ 10 ನಿಮಿಷ. ಮುಕ್ಕಾಲು ಪಾಲು ಪಂಕ್ತಿ ಊಟ, ಕ್ಯಾಮೆರಾದವನು ಪ್ರತಿ ಎಲೆಯ ಮುಂದೂ ನಿಂತಿದ್ದಾನೆ. ದೊಡ್ಡಪ್ಪನ ಹಾಡು ನಾಲ್ಕನೇ ತುಂಡಿನಲ್ಲಿ ಬಂತು, ಸುಮಾರು ನಾಲ್ಕು ನಿಮಿಷ. ಮಧ್ಯೆ ಒಂದು ಕಡೆ ಚಿತ್ರ ಹರಿದಿದೆ, ದನಿಗೆ ಏನೂ ಆಗಿಲ್ಲ. ದೊಡ್ಡಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತು ಕೇಳಿದರು. ಮುಗಿದ ಮೇಲೆ 'ಶೀತ ಆಗಿತ್ತು ಅವತ್ತು ಅವರಿಗೆ' ಅಂದರು.

ಆ ನಾಲ್ಕು ನಿಮಿಷವನ್ನು ಬೇರೆ ಮಾಡಿ ಎಲ್ಲರ ಮೊಬೈಲಿಗೆ ಕಳಿಸಿದ್ದಾಯಿತು. ಪೂರ್ತಿ ಫೈಲುಗಳು ಎರಡು ಡಿಸ್ಕಿನಲ್ಲಿವೆ, ಒಂದು ಸಾಗರದಲ್ಲಿ, ಒಂದು ನನ್ನ ಹತ್ತಿರ. ಕ್ಯಾಸೆಟ್ಟನ್ನು ಬಿಸಾಡಿಲ್ಲ. ಸುತ್ತಿ, ಪುಸ್ತಕ ನಿಲ್ಲಿಸುವ ಹಾಗೆ ನೆಟ್ಟಗೆ ನಿಲ್ಲಿಸಿಟ್ಟಿದ್ದೇವೆ. ಇನ್ನೂ ಮೂರು ಕ್ಯಾಸೆಟ್ ಬಾಕಿ ಇವೆ. ಅದರಲ್ಲೊಂದರ ಕಿಟಕಿಯಲ್ಲಿ ಬಿಳಿ ಬೂಷ್ಟು ಕಾಣುತ್ತಿದೆ. ಅದನ್ನು ವಿಸಿಆರ್‌ಗೆ ಹಾಕಿದರೆ ಹೆಡ್ಡು ಕೊಳೆಯಾಗಿ ಉಳಿದೆರಡಕ್ಕೂ ಅಂಟುತ್ತದೆ, ಹಾಗಾಗಿ ಸದ್ಯಕ್ಕೆ ಬೇರೆಯಾಗಿ ಎತ್ತಿಟ್ಟಿದ್ದೇನೆ.